ಹುಂಜ ಕೂಗಿತು, ಟೋಕಿಯೋ ಸಾಲಾಗಿ ನಿಂತಿತು!

2016ರ ಮೇ ತಿಂಗಳು. ಟೋಕಿಯೋದ ಉಎನೊ ಪಾರ್ಕು. ಬೆಳಗಾಗುವುದೇ ತಡ, ಜನ ಸಾಲುಗಟ್ಟಿದ್ದಾರೆ. ಸಾಲು ಬೆಳೆಯುತ್ತಿದೆ. ತಿರುಗುತ್ತಿದೆ. ಮತ್ತೆ ಬೆಳೆಯುತ್ತಿದೆ. ಬಿಸಿಲು ನೆತ್ತಿಗೇರಿದರೂ ಒಬ್ಬರೂ ಕದಲುತ್ತಿಲ್ಲ!

ಯಾತಕ್ಕೆ ಈ ಸಾಲು? ಊಹಿಸಿ ನೋಡೋಣ. ಸಿನಿಮಾ ತಾರೆ ಬಂದಿದ್ದಾಳೆಯೇ? ಅಲ್ಲ. ಹೊಸ ಫೋನು ಬಿಡುಗಡೆಯೇ? ಅದೂ ಅಲ್ಲ.

ಕೋಳಿ! ಹೌದು ಸ್ವಾಮಿ, ಕೋಳಿ! 250 ವರ್ಷದ ಹಿಂದೆ ರೇಷ್ಮೆಯ ಮೇಲೆ ಬಿಡಿಸಿದ ಹುಂಜಗಳನ್ನು, ಜೊತೆಗೆ ನವಿಲು, ಗಿಳಿ, ಕಮಲ, ದಾಸವಾಳಗಳನ್ನು ಕಣ್ತುಂಬಿಕೊಳ್ಳಲು ಬಂದವರು ಇವರು!

ಎಷ್ಟು ಹೊತ್ತು ಕಾದಿರಬಹುದು? ಒಂದು ಗಂಟೆ? ಎರಡು? ಇನ್ನೂ ಮೇಲೆ ಹೋಗಿ. ಮೂರು? ಸಾಲದು!

ಅತಿ ಹೆಚ್ಚು ನೂಕುನುಗ್ಗಲಿದ್ದ ದಿನ ಕಾಯಬೇಕಾದದ್ದು 320 ನಿಮಿಷ. ಐದು ಗಂಟೆ ಇಪ್ಪತ್ತು ನಿಮಿಷ! ಪ್ರದರ್ಶನ ನಡೆದದ್ದು ಬರೀ 31 ದಿನ. ಅಷ್ಟರಲ್ಲಿ ಬಂದವರು 4 ಲಕ್ಷ 46 ಸಾವಿರಕ್ಕೂ ಹೆಚ್ಚು!

ಈಗ ನಿಜವಾದ ಆಶ್ಚರ್ಯ ಕೇಳಿ. ಅದಕ್ಕೆ ಅರವತ್ತು-ಎಪ್ಪತ್ತು ವರ್ಷ ಮೊದಲು ಇದೇ ಟೋಕಿಯೋದಲ್ಲಿ ಈ ಚಿತ್ರಕಾರನ ಹೆಸರು ಹೇಳಿದ್ದರೆ, ಕಲಾಪಂಡಿತರನ್ನು ಬಿಟ್ಟು ಬೇರೆ ಯಾರೂ ತಲೆಯೆತ್ತುತ್ತಿರಲಿಲ್ಲ!

ಹೂವು-ಹಕ್ಕಿ ಚಿತ್ರ ಜಪಾನಿನ ಹಳೆಯ, ಅಚ್ಚುಮೆಚ್ಚಿನ ಕಲೆ. ಜಪಾನೀಯರು ಅದನ್ನು ಕಾಚೋಗಾ ಎನ್ನುತ್ತಾರೆ. ಅದು ಮಂಕಾಯಿತು. ಮತ್ತೆ ಚಿಗುರಿತು. ಬೆಂಕಿಗೆ ಬಿತ್ತು. ಮತ್ತೆ ಎದ್ದಿತು! ಪ್ರತಿ ಸಲವೂ ಅದನ್ನು ಎಬ್ಬಿಸಿದವರು ಯಾರು ಗೊತ್ತೇ? ಅದನ್ನೇ ಹೇಳಲು ಹೊರಟಿದ್ದೇನೆ. ಕೇಳಿದರೆ ನೀವೂ ಬೆರಗಾಗುತ್ತೀರಿ!

ತರಕಾರಿ ಮಂಡಿಯ ಯಜಮಾನ

ಆ ಕೋಳಿಗಳನ್ನು ಬಿಡಿಸಿದವನ ಕಸುಬು ಏನಿತ್ತು? ಆಸ್ಥಾನ ಕಲಾವಿದನೇ? ಸನ್ಯಾಸಿಯೇ? ಸಮುರಾಯಿಯೇ?

ತರಕಾರಿ ವ್ಯಾಪಾರಿ!

ಹೆಸರು ಇಟೋ ಜಾಕುಚು. ಹುಟ್ಟಿದ್ದು 1716ರಲ್ಲಿ, ಕ್ಯೋಟೋದ ನಿಶಿಕಿ ಮಾರುಕಟ್ಟೆಯ ದೊಡ್ಡ ತರಕಾರಿ ಮಂಡಿಯ ಮನೆಯಲ್ಲಿ. ಹಿರಿಯ ಮಗ. ತಂದೆ ತೀರಿಕೊಂಡ ಮೇಲೆ ಇಪ್ಪತ್ತಮೂರರ ಹರೆಯದಲ್ಲೇ ಮಂಡಿಯ ಗದ್ದುಗೆ. ಆದರೆ ಮನಸ್ಸೆಲ್ಲ ಕುಂಚದ ಮೇಲೆ! ಮದುವೆ ಬೇಡ ಎಂದ. ಮೋಜು-ಮಸ್ತಿ ಬೇಡ ಎಂದ. ನಲವತ್ತಕ್ಕೆ ವ್ಯಾಪಾರವನ್ನು ತಮ್ಮನ ಕೈಗಿಟ್ಟು ಹೊರಬಂದುಬಿಟ್ಟ!

ಮೊದಮೊದಲು ಹಳೆಯ ಚೀನೀ ಚಿತ್ರಗಳನ್ನು ನೋಡಿ ನೋಡಿ ನಕಲು ಮಾಡಿದ. ಒಂದೆರಡಲ್ಲ, ರಾಶಿ ರಾಶಿ. ಕೊನೆಗೆ ಅನ್ನಿಸಿತು: ಬೇರೆಯವರು ಕಂಡದ್ದನ್ನು ನಾನು ಬರೆದರೆ ಬಂದ ಭಾಗ್ಯವೇನು? ನಾನೇ ನೋಡಬೇಕು!

ಏನು ಮಾಡಿದ ಹೇಳಿ? ಮನೆಯ ಅಂಗಳದಲ್ಲಿ ಹತ್ತಾರು ಕೋಳಿ ಸಾಕಿದ. ಸಾಕಿ, ಎದುರು ಕೂತ. ನೋಡಿದ. ದಿನವಿಡೀ ನೋಡಿದ. ಕುಂಚ ಮುಟ್ಟುವ ಮೊದಲು ವರ್ಷಗಟ್ಟಲೆ ಬರೀ ನೋಡಿದ!

ಆಮೇಲೆ ಬಿಡಿಸಿದ ನೋಡಿ! ಆ ಕೋಳಿಗಳು ಕೆದಕುತ್ತವೆ. ಕೊರಳು ತಿರುಗಿಸಿ ದುರುಗುಟ್ಟುತ್ತವೆ. ಒಂದು ಗರಿಯ ಹಾಗೆ ಇನ್ನೊಂದು ಗರಿ ಇಲ್ಲ!

ಹುಂಜಗಳ ಗುಂಪಿನ ಒಂದು ಚಿತ್ರವಿದೆ. ಅದರ ಮುಂದೆ ನಿಂತು ಎಣಿಸುವುದು ಒಂದು ಆಟ. ಕೆಂಪು ಜುಟ್ಟುಗಳು ಒಂದರ ಮೇಲೊಂದು ಬಿದ್ದಿವೆ. ಕಪ್ಪು ಬಾಲದ ಹಿಂದೆ ಬಿಳಿ ರೆಕ್ಕೆ. ಅದರ ಹಿಂದೆ ಚುಕ್ಕಿ ಚುಕ್ಕಿಯ ಎದೆ. ಒಂಬತ್ತು ಎನ್ನುತ್ತೀರಿ. ಇಲ್ಲ, ಹನ್ನೊಂದು ಎನ್ನುತ್ತೀರಿ. ಮತ್ತೆ ಎಣಿಸಿ! ಒಟ್ಟು 13!

ಚಿನ್ನವಿಲ್ಲದ ಚಿನ್ನ

ಈ ಹುಂಜಗಳಿರುವುದು ಒಂದು ದೊಡ್ಡ ಸರಣಿಯಲ್ಲಿ. ಜೀವಕೋಟಿಯ ಬಣ್ಣದ ಲೋಕವನ್ನೇ ಅಲ್ಲಿ ತೆರೆದಿಟ್ಟಿದ್ದಾನೆ ಜಾಕುಚು. ಎಷ್ಟು ಚಿತ್ರ? 30! ಒಂದೊಂದೂ ಸುಮಾರು ಒಂದೂವರೆ ಮೀಟರು ಎತ್ತರದ ರೇಷ್ಮೆ. ಎಷ್ಟು ಕಾಲ ಹಿಡಿಯಿತು? ಸುಮಾರು ಹತ್ತು ವರ್ಷ! ಎಷ್ಟು ಹಣ ಸಿಕ್ಕಿತು?

ಬಿಡಿಗಾಸೂ ಇಲ್ಲ! ಯಾರೂ ಬರೆದುಕೊಡು ಎಂದು ಕೇಳಿರಲಿಲ್ಲ. ತಂದೆತಾಯಿ, ತಮ್ಮ ಮತ್ತು ತನ್ನ ಆತ್ಮದ ಸದ್ಗತಿಗೆಂದು ಕ್ಯೋಟೋದ ಶೋಕೊಕುಜಿ ಎಂಬ ಝೆನ್ ಮಠಕ್ಕೆ ಕಾಣಿಕೆಯಾಗಿ ಕೊಟ್ಟುಬಿಟ್ಟ!

ಆ ಮೂವತ್ತರಲ್ಲಿ ಒಂದರ ಹತ್ತಿರ ಹೋಗೋಣ ಬನ್ನಿ. ಹಳೆಯ ಪೈನ್ ಮರ. ಕೊಂಬೆಯ ಮೇಲೆ ಬಿಳಿಯ ಫೀನಿಕ್ಸ್ ಹಕ್ಕಿ. ಒಂದು ಕಾಲು ಮಡಚಿದೆ. ಬಾಲದ ಗರಿಗಳು ಗಾಳಿಯಲ್ಲಿ ಸುಳಿಯುತ್ತಿವೆ. ಪ್ರತಿ ಗರಿಯ ತುದಿಯಲ್ಲೂ ಹೃದಯದ ಆಕಾರದ ಬೊಟ್ಟು! ಒಂದು ಕೆಂಪು, ಒಂದು ಹಸಿರು! ಮೈಯ ಬಿಳಿ ಪುಕ್ಕಗಳು ಲೇಸಿನ ನೇಯ್ಗೆಯಂತೆ. ಆ ಬಿಳಿಯ ಒಳಗಿಂದ ಹೊನ್ನಿನ ಹೊಳಪು ಹೊಮ್ಮುತ್ತಿದೆ.

ಎಷ್ಟು ಚಿನ್ನ ಸುರಿದಿರಬಹುದು? ನೋಡಿದವರೆಲ್ಲ ಇದು ಅಪ್ಪಟ ಚಿನ್ನದ ಬಣ್ಣವೇ ಎಂದುಕೊಂಡಿದ್ದರು.

1999ರಲ್ಲಿ ಈ ಚಿತ್ರಗಳ ಜೀರ್ಣೋದ್ಧಾರ ಶುರುವಾಯಿತು. ವರ್ಷಗಟ್ಟಲೆ ನಡೆಯಿತು. ಬೆನ್ನಿಗೆ ಅಂಟಿಸಿದ್ದ ಹಳೆಯ ಕಾಗದ ಬಿಡಿಸಿದರು. ರೇಷ್ಮೆಯ ಹಿಂಬದಿ ಕಣ್ಣಿಗೆ ಬಿತ್ತು. ಎಕ್ಸ್-ರೇ ಹಾಯಿಸಿ ಬಣ್ಣಗಳನ್ನು ಪರೀಕ್ಷಿಸಿದರು. ಉತ್ತರ ಬಂತು.

ಫೀನಿಕ್ಸ್‌ನ ಮೈಯಲ್ಲಿ ಚಿನ್ನವೇ ಇಲ್ಲ! ಒಂದು ಗುಲಗಂಜಿಯಷ್ಟೂ ಇಲ್ಲ!

ಹಾಗಾದರೆ ಆ ಹೊಳಪು? ಅದು ಹಳದಿ ಮಣ್ಣು! ಜಾಕುಚು ರೇಷ್ಮೆಯ ಹಿಂಬದಿಗೂ ಬಣ್ಣ ಹಚ್ಚಿದ್ದ. ಹಿಂದೆ ಹಳದಿ ಮಣ್ಣಿನ ಬಣ್ಣ. ಮುಂದೆ ಚಿಪ್ಪಿನ ಪುಡಿಯಿಂದ ಮಾಡಿದ ಬಿಳಿಯ ಎಳೆಗಳು, ಕೂದಲಿಗಿಂತ ನವಿರು. ರೇಷ್ಮೆಯ ನೂಲಿನ ಸಂದಿಯಿಂದ ಹಳದಿ ಇಣುಕುತ್ತದೆ. ಬಿಳಿಯ ಜೊತೆ ಬೆರೆಯುತ್ತದೆ. ನಮ್ಮ ಕಣ್ಣು ಅದನ್ನು ಚಿನ್ನ ಎಂದು ಓದುತ್ತದೆ. ಎರಡೂವರೆ ಶತಮಾನ ಇಡೀ ಲೋಕದ ಕಣ್ಣನ್ನು ಮಣ್ಣು ಮತ್ತು ಚಿಪ್ಪಿನಿಂದ ಗೆದ್ದವನು ಈ ತರಕಾರಿ ವ್ಯಾಪಾರಿ!

ಇನ್ನೂ ಇದೆ! ಮೀನುಗಳ ಚಿತ್ರವೊಂದರ ಮೂಲೆಯಲ್ಲಿ ಕಡುನೀಲಿ ಮೀನು ಈಜುತ್ತಿದೆ. ಆ ನೀಲಿ ಎಲ್ಲಿಯದು? ಪರೀಕ್ಷೆ ಹೇಳಿತು: ಪ್ರಷ್ಯನ್ ಬ್ಲೂ! ಹದಿನೆಂಟನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಬಣ್ಣ! ಹೊರಜಗತ್ತಿಗೆ ಜಪಾನ್ ಹೆಚ್ಚುಕಡಿಮೆ ಬಾಗಿಲು ಮುಚ್ಚಿ ಕೂತಿದ್ದ ಕಾಲವದು. ಯುರೋಪಿನ ನೀಲಿ ಕ್ಯೋಟೋದ ಮೀನಿನ ಮೈಮೇಲೆ ಬಂದು ಕೂತಿತ್ತು. ಜಪಾನಿನಲ್ಲಿ ಈ ಬಣ್ಣದ ಬಳಕೆಗೆ ಸಿಕ್ಕಿರುವ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಇದೂ ಒಂದು!

ಮಠ ಉಳಿಸಿದ ಹಕ್ಕಿಗಳು

ಇಷ್ಟೆಲ್ಲ ಇದ್ದೂ ಜನ ಅವನನ್ನು ಮರೆತರೇ? ಮರೆತರು!

ಬದುಕಿದ್ದಾಗ ಕ್ಯೋಟೋದ ಹೆಸರಾಂತ ಕಲಾವಿದರಲ್ಲಿ ಜಾಕುಚು ಒಬ್ಬ. 1788ರ ಮಹಾ ಬೆಂಕಿ ಊರನ್ನೇ ನುಂಗಿತು. ಮನೆ ಹೋಯಿತು. ಮುದುಕ ಎದೆಗುಂದಲಿಲ್ಲ. ಊರಾಚೆ ನೆಲೆನಿಂತ. ಒಂದು ಅಳತೆ ಅಕ್ಕಿ ಕೊಟ್ಟರೆ ಒಂದು ಚಿತ್ರ ಬರೆದುಕೊಟ್ಟ! 1800ರಲ್ಲಿ ಕಣ್ಣು ಮುಚ್ಚಿದ.

ಮೇಜಿ ಚಕ್ರವರ್ತಿಯ ಕಾಲ ಬಂತು. ಹೊಸ ಸರ್ಕಾರದ ಧೋರಣೆಯಿಂದ ಬೌದ್ಧ ಮಠಗಳು ಬಡವಾದವು. ಶೋಕೊಕುಜಿಯ ಆಸ್ತಿಪಾಸ್ತಿಗೂ ಕುತ್ತು ಬಂತು. 1889ರಲ್ಲಿ ಮಠದವರು ಎದೆ ಕಲ್ಲುಮಾಡಿಕೊಂಡು ಆ ಮೂವತ್ತೂ ಚಿತ್ರಗಳನ್ನು ಅರಮನೆಗೆ ಒಪ್ಪಿಸಿದರು. ಅರಮನೆಯಿಂದ ಬಂದ ಹಣ 10,000 ಯೆನ್. ಆ ಕಾಲಕ್ಕೆ ಕಣ್ಣು ಕುಕ್ಕುವ ಮೊತ್ತ! ಮಠದ ನೆಲ ಉಳಿಯಿತು!

ಮಠವನ್ನು ಉಳಿಸಿದ್ದು ಯಾರು? ಹುಂಜಗಳು! ನವಿಲುಗಳು! ಒಬ್ಬ ತರಕಾರಿ ವ್ಯಾಪಾರಿ ನೂರಿಪ್ಪತ್ತು ವರ್ಷ ಮೊದಲು ಕೊಟ್ಟ ಕಾಣಿಕೆ!

ಆದರೆ ಹಕ್ಕಿಗಳು ಅರಮನೆಯೊಳಗೆ ಹೋದವು. ಬಾಗಿಲು ಮುಚ್ಚಿತು. ಜನರ ನೆನಪಿನಿಂದ ಹೆಸರು ಜಾರಿತು.

ಕಾರು ಕೊಳ್ಳಲು ಬಂದವನು

1953. ನ್ಯೂಯಾರ್ಕ್. ಒಕ್ಲಹೋಮಾದ ಹುಡುಗನೊಬ್ಬ ಆಗತಾನೇ ಇಂಜಿನಿಯರಿಂಗ್ ಮುಗಿಸಿ ಬಂದಿದ್ದಾನೆ. ಜೇಬಿನಲ್ಲಿ ಮರ್ಸಿಡಿಸ್ ಸ್ಪೋರ್ಟ್ಸ್ ಕಾರಿಗೆಂದು ಇಟ್ಟ ಹಣ. ಜೊತೆಗಿದ್ದವರು ಯಾರು ಗೊತ್ತೇ? ಜಗದ್ವಿಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್! ಹುಡುಗನ ತಂದೆಗಾಗಿ ಆಗ ಅವರು ಗಗನಚುಂಬಿಯೊಂದನ್ನು ಕಟ್ಟುತ್ತಿದ್ದರು. ರೈಟ್‌ಗೆ ಜಪಾನೀ ಕಲೆಯ ಹುಚ್ಚು. ಮ್ಯಾಡಿಸನ್ ಅವೆನ್ಯೂದ ಒಂದು ಅಂಗಡಿಗೆ ಹೊಕ್ಕರು. ಹುಡುಗನೂ ಹಿಂದೆ ಹೊಕ್ಕ.

ಅಲ್ಲೊಂದು ಚಿತ್ರ. ದ್ರಾಕ್ಷಿ ಬಳ್ಳಿ. ಬರೀ ಮಸಿಯಲ್ಲಿ ಬರೆದದ್ದು. ಹುಡುಗನ ಕಾಲು ಅಲ್ಲೇ ನೆಟ್ಟಿತು!

ಬರೆದವನಾರು? ಗೊತ್ತಿಲ್ಲ. ಯಾವ ಶತಮಾನ? ಗೊತ್ತಿಲ್ಲ. ಜಪಾನೀ ಭಾಷೆ? ಒಂದಕ್ಷರ ಬರುವುದಿಲ್ಲ! ಆದರೂ ಕೊಂಡ. ಕಾರಿನ ಆಸೆ ಅಲ್ಲಿಗೆ ಮುಗಿಯಿತು!

ಆ ಹುಡುಗ ಜೋ ಪ್ರೈಸ್. ಬರೆದವನ ಹೆಸರು ಜಾಕುಚು ಎಂದು ತಿಳಿದದ್ದು ಆಮೇಲೆ! ಹೆಸರು ತಿಳಿಯದೆ, ಬರೀ ಕಣ್ಣನ್ನು ನಂಬಿ ಕೊಂಡ ಆ ದ್ರಾಕ್ಷಿಯಿಂದ ಜಗತ್ತಿನ ಅತ್ಯುತ್ತಮ ಖಾಸಗಿ ಜಪಾನೀ ಕಲಾಸಂಗ್ರಹಗಳಲ್ಲಿ ಒಂದು ಬೆಳೆಯಿತು. ಜಪಾನೇ ಮರೆತವನನ್ನು ಅಮೆರಿಕದ ಎಣ್ಣೆ ನಾಡಿನ ಹುಡುಗ ಎದೆಗಪ್ಪಿಕೊಂಡಿದ್ದ!

1970ರಲ್ಲಿ ಜಪಾನಿನ ಒಳಗೇ ಕಿಡಿ ಹೊತ್ತಿತು. ಕಲಾ ಇತಿಹಾಸಕಾರ ತ್ಸುಜಿ ನೊಬುಒ ಹಳೆಯ ವಿಲಕ್ಷಣ ಪ್ರತಿಭೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಜಾಕುಚು ಅದರಲ್ಲಿ ಮಿಂಚಿದ. 2000ದಲ್ಲಿ, ಅವನು ತೀರಿಕೊಂಡ ಇನ್ನೂರನೇ ವರ್ಷಕ್ಕೆ, ಕ್ಯೋಟೋದ ರಾಷ್ಟ್ರೀಯ ವಸ್ತುಸಂಗ್ರಹಾಲಯ ದೊಡ್ಡ ಪ್ರದರ್ಶನ ಇಟ್ಟಿತು. ಹರೆಯದವರು ಮುಗಿಬಿದ್ದರು. 2006ರಲ್ಲಿ ಪ್ರೈಸ್ ಸಂಗ್ರಹ ಟೋಕಿಯೋಗೆ ಬಂತು. ಕೆಲವು ಚಿತ್ರಗಳ ಮುಂದಿನ ಗಾಜನ್ನೇ ತೆಗೆದಿದ್ದರು. ಬೆಳಕನ್ನು ಏರಿಸಿ ಇಳಿಸಿದರು. ಹಗಲು ಸಂಜೆಯಾಗುವಂತೆ ಚಿತ್ರ ಬಣ್ಣ ಬದಲಿಸಿತು!

2012ರಲ್ಲಿ ಆ ಮೂವತ್ತೂ ಚಿತ್ರಗಳು ಮೊದಲ ಬಾರಿಗೆ ಒಟ್ಟಾಗಿ ಜಪಾನ್ ದಾಟಿದವು. ವಾಷಿಂಗ್ಟನ್‌ನಲ್ಲಿ ಒಂದೇ ಒಂದು ತಿಂಗಳು. ಬಂದವರು 2 ಲಕ್ಷ 30 ಸಾವಿರಕ್ಕೂ ಹೆಚ್ಚು! 2021ರಲ್ಲಿ ಅವು ಜಪಾನಿನ ರಾಷ್ಟ್ರೀಯ ನಿಧಿಯಾದವು!

ಸುನಾಮಿಯ ಊರಿಗೆ ಬಂದ ಆನೆ

ಪ್ರೈಸ್ ಸಂಗ್ರಹದಲ್ಲಿ ಇನ್ನೊಂದು ಅದ್ಭುತವಿತ್ತು. ಒಂದು ಜೋಡಿ ಮಡಿಕೆಯ ಪರದೆ. ಹೂದೋಟದಲ್ಲಿ ಪ್ರಾಣಿಪಕ್ಷಿಗಳ ಜಾತ್ರೆ. ನಡುವೆ ಎದುರು ಮುಖ ಮಾಡಿ ನಿಂತ ಬಿಳಿಯಾನೆ! ಹತ್ತಿರ ಹೋಗಿ. ಇನ್ನೂ ಹತ್ತಿರ. ಆನೆ ಮಾಯವಾಗುತ್ತದೆ. ಕಾಣುವುದು ಪುಟ್ಟ ಪುಟ್ಟ ಚೌಕಗಳು! ಒಂದೊಂದೂ ಸುಮಾರು ಒಂದು ಸೆಂಟಿಮೀಟರು. ಹಲವು ಚೌಕಗಳ ಒಳಗೆ ಮತ್ತೆ ಪುಟ್ಟ ಚೌಕ. ಕಂಪ್ಯೂಟರಿನ ಪರದೆ ಹುಟ್ಟುವ ಎಷ್ಟೋ ಮೊದಲು!

ಒಟ್ಟು ಎಷ್ಟು ಚೌಕ? ಸಾವಿರ? ಹತ್ತು ಸಾವಿರ? ಸುಮಾರು 86,000!

ಇದು ಪೂರ್ತಿ ಜಾಕುಚುವಿನ ಕೈಯದೇ, ಅಲ್ಲವೇ ಎಂದು ವಿದ್ವಾಂಸರು ಇನ್ನೂ ಕಾದಾಡುತ್ತಿದ್ದಾರೆ. ಕಾದಾಡಲಿ! ಆನೆ ಮಾತ್ರ ಎಲ್ಲರನ್ನೂ ಗೆದ್ದಿದೆ.

2011ರ ಮಾರ್ಚ್. ಭೂಕಂಪ, ಸುನಾಮಿ. ಜಪಾನಿನ ಈಶಾನ್ಯ ಕರಾವಳಿ ಕೊಚ್ಚಿಹೋಯಿತು. ಪ್ರೈಸ್ ದಂಪತಿ ಏನು ಮಾಡಿದರು? ತಮ್ಮ ಸಂಗ್ರಹವನ್ನು ಕಟ್ಟಿ ಕಳಿಸಿದರು! 2013ರಲ್ಲಿ ಸೆಂದಾಯ್, ಇವಾತೆ, ಫುಕುಶಿಮಾ, ಮೂರೂ ಕಡೆ ಪ್ರದರ್ಶನ. ನೊಂದ ಊರುಗಳ ಮಕ್ಕಳ ಮುಂದೆ ಬಿಳಿಯಾನೆ ಬಂದು ನಿಂತಿತು!

ಮಸಿ ಇಲ್ಲದೆ ಅಚ್ಚಾದ ಹಕ್ಕಿ

ಇದೊಂದೇ ಪುನರ್ಜನ್ಮ ಎಂದುಕೊಂಡಿರಾ? ಇನ್ನೊಂದಿದೆ!

ಹೂವು-ಹಕ್ಕಿ ರೇಷ್ಮೆಯ ಮೇಲೆ ಮಾತ್ರ ಇರಲಿಲ್ಲ. ಮರದ ಅಚ್ಚಿನಿಂದ ಕಾಗದದ ಮೇಲೂ ಇಳಿದಿತ್ತು. ಹೊಕುಸಾಯ್ ಬರೆದ. ಹಿರೊಶಿಗೆ ಬರೆದ. ಆಮೇಲೆ ಫೋಟೋ ಬಂತು, ಕಲ್ಲಚ್ಚು ಬಂತು. ಮರ ಕೊರೆಯುವ ಕೈಗಳಿಗೆ ಕೆಲಸ ತಪ್ಪಿತು. ಕಸುಬು ಮುಗಿಯಿತು ಎಂದರು ಜನ.

ಆಗ ಎದ್ದವನು ವತನಾಬೆ ಶೋಜಬುರೋ ಎಂಬ ಪ್ರಕಾಶಕ. ಬರೆಯುವವನು, ಕೊರೆಯುವವನು, ಅಚ್ಚೊತ್ತುವವನು, ಮೂವರನ್ನೂ ಮತ್ತೆ ಒಂದೇ ಸೂರಿನಡಿ ಕೂಡಿಸಿದ. 1915ರ ಹೊತ್ತಿಗೆ ಶಿನ್-ಹಂಗಾ ಎಂಬ ಹೊಸ ಅಚ್ಚುಚಿತ್ರ ಚಳವಳಿ ರೆಕ್ಕೆ ಬಿಚ್ಚಿತು.

1923, ಸೆಪ್ಟೆಂಬರ್ 1. ನಡುಮಧ್ಯಾಹ್ನ. ಟೋಕಿಯೋ ನಡುಗಿತು. ಬೆಂಕಿ ಎದ್ದಿತು. ವತನಾಬೆಯ ಅಂಗಡಿ, ಅಚ್ಚುಗಳು, ಚಿತ್ರಗಳು ಸುಟ್ಟು ಬೂದಿ! ಕೈಚೆಲ್ಲಿದನೇ? ಇಲ್ಲ! ಮೊದಲಿನಿಂದ ಶುರುಮಾಡಿದ!

1926ರಲ್ಲಿ ಅವನ ಜೊತೆಗೂಡಿದವನೇ ಒಹಾರಾ ಕೊಸೊನ್. 1877ರಲ್ಲಿ ಕನಜಾವಾದಲ್ಲಿ ಹುಟ್ಟಿದವನು. ಬೆಳ್ಳಕ್ಕಿ, ಕಾಗೆ, ಗೂಬೆ, ಬಾತು. ಮಳೆಯಲ್ಲಿ ನೆನೆಯುವ ಹಕ್ಕಿ, ಹಿಮದಲ್ಲಿ ಮುದುಡಿದ ಹಕ್ಕಿ. ತಲೆಗೆ ಕಮಲದೆಲೆ ಹೊದ್ದು ಕುಣಿಯುವ ಒಂದು ನರಿ ಕೂಡ! ಇವನ ಅಚ್ಚುಚಿತ್ರಗಳನ್ನು ಕಂಡವರು ಕುಂಚದಲ್ಲಿ ಬರೆದದ್ದೇ ಎಂದು ಪಣ ಕಟ್ಟುತ್ತಾರೆ. ಅಷ್ಟು ನಯ!

ಈಗ ನಿಮಗೊಂದು ಸವಾಲು. ದಾಳಿಂಬೆ ಗಿಡದ ಮೇಲೆ ಕೂತ ಬಿಳಿಯ ಕೊಕಟೂ. ಕಾಗದವೂ ಬಿಳಿ, ಹಕ್ಕಿಯೂ ಬಿಳಿ. ಬಿಳಿಯ ಮೇಲೆ ಬಿಳಿಯ ಗರಿಯನ್ನು ಅಚ್ಚೊತ್ತುವುದು ಹೇಗೆ?

ಮಸಿಯೇ ಹಚ್ಚದೆ!

ಮೊದಲು ಚೆರ್ರಿ ಮರದ ಹಲಗೆಯಲ್ಲಿ ಗರಿಗಳನ್ನು ಒಂದೊಂದಾಗಿ ಕೊರೆಯುತ್ತಾರೆ. ಹಲಗೆಯ ಮೂಲೆಯಲ್ಲಿ ಪುಟ್ಟ ಕಚ್ಚು. ಕಾಗದ ಅಲ್ಲಿ ಸರಿಯಾಗಿ ಕೂರಬೇಕು, ಕೂದಲೆಳೆಯಷ್ಟೂ ಜರುಗಬಾರದು! ಒಂದೊಂದು ಬಣ್ಣಕ್ಕೂ ಬೇರೆ ಅಚ್ಚು. ಕೊನೆಗೆ ಗರಿಯ ಸರದಿ. ಆ ಅಚ್ಚಿಗೆ ಬಣ್ಣ ಹಚ್ಚುವುದಿಲ್ಲ. ತೇವ ಮಾಡಿದ ಕಾಗದವನ್ನು ಅದರ ಮೇಲಿಟ್ಟು, ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ತಟ್ಟೆಯಿಂದ ಒತ್ತಿ ಉಜ್ಜುತ್ತಾರೆ. ಕಾಗದ ಉಬ್ಬುತ್ತದೆ. ಗರಿ ಮೂಡುತ್ತದೆ! ನೇರ ನೋಡಿದರೆ ಬರೀ ಬಿಳಿ. ಓರೆಯಾಗಿ ಹಿಡಿಯಿರಿ. ಬೆಳಕು ಸೋಕಿದ್ದೇ ತಡ, ಪುಕ್ಕಗಳೆಲ್ಲ ಎದ್ದು ನಿಲ್ಲುತ್ತವೆ!

ಕೊಸೊನ್‌ನ ಹಕ್ಕಿಗಳು ಅಮೆರಿಕ, ಯುರೋಪಿಗೆ ಹಾರಿದವು. ಅಲ್ಲಿ ಗೋಡೆಗಳನ್ನು ಸಿಂಗರಿಸಿದವು. 1945ರಲ್ಲಿ ಕೊಸೊನ್ ತೀರಿಕೊಂಡ. ತವರು ಮರೆತಿತು. ಪರದೇಶ ಕಾಪಿಟ್ಟಿತು! 2001ರಲ್ಲಿ ಆಮ್ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಅವನಿಗೆಂದೇ ಪ್ರದರ್ಶನ ಇಟ್ಟಿತು. ಜಪಾನ್ ತಿರುಗಿ ನೋಡಿದ್ದು ಇನ್ನೂ ತಡವಾಗಿ. 2018ರಲ್ಲಿ ಚಿಗಸಾಕಿ ಊರಿನಲ್ಲಿ, 2019ರಲ್ಲಿ ಟೋಕಿಯೋದ ಓಟಾ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ. ಇಂಥವನೊಬ್ಬ ನಮ್ಮಲ್ಲಿದ್ದನೇ ಎಂದು ಜಪಾನೀಯರೇ ಬೆರಗಾದರು!

ದೆಗಾಗೆ ಕೊಟ್ಟ ಹಕ್ಕಿ

ಇನ್ನೊಬ್ಬನನ್ನೂ ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ! ವತನಾಬೆ ಸೇತೇ. ಪ್ರಕಾಶಕ ವತನಾಬೆ ಬೇರೆ, ಈತ ಬೇರೆ. 1878ರಲ್ಲಿ ಪ್ಯಾರಿಸ್ಸಿನ ವಿಶ್ವಪ್ರದರ್ಶನಕ್ಕೆ ಹೋದ. ಅಲ್ಲಿ ಕುಂಚ ಹಿಡಿದು ಹಕ್ಕಿ ಬರೆದ. ಆ ಹಕ್ಕಿಗಳ ಚಿತ್ರವೊಂದು ಯಾರ ಕೈ ಸೇರಿತು ಊಹಿಸಿ? ಚಿತ್ರಕಾರ ಎಡ್ಗರ್ ದೆಗಾ! ದೆಗಾನ ಹೆಸರನ್ನೇ ಅದರ ಮೇಲೆ ಬರೆದುಕೊಟ್ಟಿದ್ದ ಸೇತೇ.

ಟೋಕಿಯೋದ ಅಕಸಾಕಾ ಅರಮನೆಯಲ್ಲಿ ಹೂವು-ಹಕ್ಕಿಗಳದೇ ಒಂದು ಭೋಜನಶಾಲೆಯಿದೆ. ಗೋಡೆಯಲ್ಲಿ ಮೊಟ್ಟೆಯಾಕಾರದ 30 ಎನಾಮೆಲ್ ಫಲಕಗಳು. ಅವುಗಳಿಗೆ ಚಿತ್ರ ಬರೆದುಕೊಟ್ಟವನು ಇದೇ ಸೇತೇ! ದೇಶವಿದೇಶದ ಅತಿಥಿಗಳು ಅವನ ಹಕ್ಕಿಗಳ ನಡುವೆ ಕೂತು ಊಟ ಮಾಡಿದ್ದಾರೆ. ಆದರೂ ಅವನ ಸಮಗ್ರ ಪ್ರದರ್ಶನ ಟೋಕಿಯೋದಲ್ಲಿ ನಡೆದದ್ದು ಯಾವಾಗ? 2021ರಲ್ಲಿ! ತೀರಿಕೊಂಡು ನೂರು ವರ್ಷ ದಾಟಿದ ಮೇಲೆ!

ಮೊದಲು ಕಣ್ಣು, ಆಮೇಲೆ ಹೆಸರು

ಮೂವರ ಕಥೆಯಲ್ಲೂ ಒಂದೇ ದಾರ ಕಾಣುತ್ತಿದೆಯೇ? ಈ ಕಲೆಯನ್ನು ಮತ್ತೆ ಎಬ್ಬಿಸಿದ್ದು ಹೆಸರಿನ ಹಿಂದೆ ಓಡಿದವರಲ್ಲ. ಎದುರಿಗಿದ್ದುದನ್ನು ನಿಂತು ನೋಡಿದವರು! ಜಾಕುಚು ಕೋಳಿಯನ್ನು ನೋಡಿದ. ಪ್ರೈಸ್ ದ್ರಾಕ್ಷಿಯನ್ನು ನೋಡಿದರು. ಹೊರನಾಡಿನ ಸಂಗ್ರಾಹಕರು ಕೊಸೊನ್‌ನ ಬೆಳ್ಳಕ್ಕಿಯನ್ನು ನೋಡಿದರು. ಅವರಿಗೆ ಯಾವ ಪಟ್ಟಿಯೂ ಬೇಕಾಗಲಿಲ್ಲ, ಯಾರ ಶಿಫಾರಸೂ ಬೇಕಾಗಲಿಲ್ಲ!

ಜಾಕುಚು ಒಂದು ಮಾತು ಹೇಳಿದ್ದನಂತೆ: ನನ್ನ ಚಿತ್ರವನ್ನು ನಿಜವಾಗಿ ಕಾಣಬಲ್ಲ ಕಣ್ಣಿಗಾಗಿ ಸಾವಿರ ವರ್ಷ ಬೇಕಾದರೂ ಕಾಯುತ್ತೇನೆ ಎಂದು. ಎಂಥ ಧೈರ್ಯ! ಆದರೆ ಸಾವಿರ ವರ್ಷ ಬೇಕಾಗಲೇ ಇಲ್ಲ. ಇನ್ನೂರೈವತ್ತು ವರ್ಷ ಸಾಕಾಯಿತು!

ಈಗ ನಿಮ್ಮ ಸರದಿ. ಟೋಕಿಯೋಗೆ ಟಿಕೆಟ್ ಬೇಡ. ಫೋನು ತೆಗೆಯಿರಿ. ರೈಕ್ಸ್ ಮ್ಯೂಸಿಯಂ ತನ್ನಲ್ಲಿರುವ ಕೊಸೊನ್ ಚಿತ್ರಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆ ತೆರೆದಿಟ್ಟಿದೆ. ದೊಡ್ಡದು ಮಾಡಿ ನೋಡಬಹುದು, ಇಳಿಸಿಕೊಂಡು ಗೋಡೆಗೂ ಹಾಕಬಹುದು! ಮಕ್ಕಳನ್ನು ಪಕ್ಕಕ್ಕೆ ಕರೆಯಿರಿ. ಯಾವ ಹಕ್ಕಿ, ಯಾವ ಹೂವು ಎಂದು ಅವರೇ ಹೇಳಲಿ. ಆಮೇಲೆ ಜಾಕುಚುವಿನ ಕೊಳದ ದಂಡೆಯ ಚಿತ್ರ ಹುಡುಕಿ. ಸೋರೆ ಬಳ್ಳಿಯ ಕೆಳಗೆ ಕಪ್ಪೆ, ಗೊದಮೊಟ್ಟೆ, ಜೇಡ, ಚಿಟ್ಟೆ, ಹಾವು, ಹಲ್ಲಿ. ಎಲೆಯ ಮೇಲೆ ಹುಳು ತಿಂದ ತೂತುಗಳನ್ನೂ ಬಿಟ್ಟಿಲ್ಲ ಪುಣ್ಯಾತ್ಮ! ಎಷ್ಟು ಬಗೆಯ ಜೀವಿಗಳಿವೆ ಎಂದು ಎಣಿಸಿ. ಇಪ್ಪತ್ತಕ್ಕೆ ನಿಂತರೆ ಸೋತಿರಿ. ನಲವತ್ತಕ್ಕೂ ನಿಲ್ಲಬೇಡಿ. ಅರವತ್ತು ದಾಟುವವರೆಗೆ ಕಣ್ಣು ಕೀಳಲೇಬೇಡಿ!